ಅಮ್ಮ, ಬಾಲು ಮಹೇಂದ್ರ ಮತ್ತು ಕಿಟಕಿಯ ಬೆಳಕು

ಸಂಘದ ಹಿರಿಯ ಸದಸ್ಯರಿಗೆ ನೆನಪಿರಬಹುದು, 1981ರ ಚಳಿಗಾಲದಲ್ಲಿ ಬೆಂಗಳೂರಿನಿಂದ ಅಮ್ಮ ನಮ್ಮ ಟೊರಾಂಟೋ ಮನೆಗೆ ಬಂದಿದ್ದರು. (ನಮ್ಮಿಬ್ಬರಲ್ಲಿ ಒಬ್ಬರಿಗೆ ಅಮ್ಮ, ಇನ್ನೊಬ್ಬರಿಗೆ ಅತ್ತೆ, ಕರೆಯುತ್ತಿದ್ದುದು ಮಾತ್ರ ಇಬ್ಬರೂ ಅಮ್ಮ ಎಂದೇ.) ಹಿಮ ಕಂಡು ಅವರಿಗೆ ಬೆರಗು, ಆ ಬೆರಗನ್ನು ಹಿಡಿದಿಡುವ ಉಮೇದು ನಮಗೆ. ಕೈಯಲ್ಲಿ ಕಾಸಿಲ್ಲದಿದ್ದರೂ ಒಂದು ಸೂಪರ್ 8 ಕ್ಯಾಮೆರಾ ಕೊಂಡೆವು. ಮನೆಯೊಳಗೆ ತೆಗೆಯುವುದಾದರೆ ಈ ಕೊಡಾಕ್ರೋಮ್ ಫಿಲಂಗೆ ಬೆಳಕು ಸಾಲದು ಎಂದು ಅಂಗಡಿಯವನು ದೊಡ್ಡದೊಂದು ದೀಪವನ್ನೂ ಕಟ್ಟಿಕೊಟ್ಟ.

ಅಮ್ಮ ಅಡುಗೆಮನೆಯ ಕಿಟಕಿ ಪಕ್ಕ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ಅವರನ್ನು ಅಲ್ಲಿಂದ ಎಬ್ಬಿಸಿ, ರೇಷ್ಮೆ ಸೀರೆ ಉಟ್ಟುಕೊಳ್ಳಲು ಹೇಳಿ, ಸೋಫಾದ ಮೇಲೆ ಕೂರಿಸಿ, ಮುಖಕ್ಕೆ ನೇರವಾಗಿ ದೀಪ ಹಾಕಿದೆವು. ಒಂದು ಸುರುಳಿಗೆ ಮೂರು ನಿಮಿಷ ಚಿಲ್ಲರೆ. ಅಷ್ಟು ಹೊತ್ತೂ ಅವರು ಕಣ್ಣು ಕಿರಿದು ಮಾಡಿ, ಕೈ ಅಡ್ಡ ಹಿಡಿದು ಏನೋ ಹೇಳುತ್ತಲೇ ಇದ್ದಾರೆ. ಫಿಲಂ ಮೂಕಿ. "ಸಾಕು ನಿಲ್ಸ್ರೋ" ಎಂದೇ ಇರಬೇಕು. 1984ರಲ್ಲಿ ಅಮ್ಮ ಹೋದರು. ಅವರು ಮಾತಾಡುವ, ಅಲುಗಾಡುವ ಚಿತ್ರ ನಮ್ಮಲ್ಲಿರುವುದು ಅದೊಂದೇ.

ನಾವು ಮಾಡಿದ ತಪ್ಪು ಏನೆಂದು ತಿಳಿದದ್ದು ಬಹಳ ತಡವಾಗಿ, ಅದೂ ಒಂದು ತಮಿಳು ಸಿನಿಮಾದಿಂದ. ನಮ್ಮ ಬೀದಿಯಲ್ಲಿ ಶ್ರೀಲಂಕಾದ ಮಟ್ಟಕ್ಕಳಪ್ಪಿನಿಂದ ಬಂದ ಒಂದು ಕುಟುಂಬವಿತ್ತು. 1983ರ ಗಲಭೆಯ ನಂತರ ಊರು ಬಿಟ್ಟವರು. ಆ ಮನೆಯ ಅಕ್ಕ ಒಂದು ದಿನ "ವೀಡು" ಚಿತ್ರದ ವಿಡಿಯೋ ಕ್ಯಾಸೆಟ್ ತಂದಿದ್ದೇವೆ, ಬನ್ನಿ ಎಂದು ಕರೆದರು. "ತೆಗೆದವರು ನಮ್ಮೂರವರು" ಎಂದು ಹೆಮ್ಮೆ ಬೇರೆ. ಯಾರು ನೋಡಿದರೆ ಬಾಲು ಮಹೇಂದ್ರ! "ಅಯ್ಯೋ, ಅವರು ನಮ್ಮವರಲ್ಲವೇ, 'ಕೋಕಿಲ' ತೆಗೆದವರು" ಎಂದು ನಾವೂ ಬಿಡಲಿಲ್ಲ. ಹಾಗೆ ಕಾಫಿ ಆರುವವರೆಗೂ ಜಗಳ.

ಇಬ್ಬರ ಮಾತೂ ನಿಜವೇ. ಅವರು ಹುಟ್ಟಿದ್ದು ಮಟ್ಟಕ್ಕಳಪ್ಪಿನ ಹತ್ತಿರ. ಹುಡುಗನಾಗಿದ್ದಾಗ ಸಿಂಹಳದಲ್ಲಿ ಡೇವಿಡ್ ಲೀನ್ ನಡೆಸುತ್ತಿದ್ದ ಚಿತ್ರೀಕರಣ ಕಂಡು ಸಿನಿಮಾದ ಹುಚ್ಚು ಹತ್ತಿತೆಂದು ಅವರೇ ಹೇಳಿಕೊಂಡಿದ್ದಾರೆ. ಪುಣೆಯ ಫಿಲಂ ಇನ್‌ಸ್ಟಿಟ್ಯೂಟಿನಲ್ಲಿ ಛಾಯಾಗ್ರಹಣ ಕಲಿತು, ಮಲಯಾಳದ "ನೆಲ್ಲು" (1974) ಚಿತ್ರದಿಂದ ಹೆಸರಾದರು. ಆದರೆ ಮೊದಲು ನಿರ್ದೇಶಿಸಿದ್ದು ಕನ್ನಡದಲ್ಲಿ, 1977ರ "ಕೋಕಿಲ". ಅದರ ಕಪ್ಪು-ಬಿಳುಪು ಛಾಯಾಗ್ರಹಣಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಅವರು ಕ್ಯಾಮೆರಾ ಹಿಡಿದ ಮೊದಲ ತಮಿಳು ಚಿತ್ರ "ಮುಳ್ಳುಂ ಮಲರುಂ" (1978) ಬಹುಪಾಲು ತಯಾರಾದದ್ದು ನಮ್ಮ ಶೃಂಗೇರಿ ಕಡೆ. ಮಣಿರತ್ನಂ ಅವರ ಮೊದಲ ಚಿತ್ರ "ಪಲ್ಲವಿ ಅನುಪಲ್ಲವಿ"ಗೂ (1983) ಕ್ಯಾಮೆರಾ ಇವರದೇ. ಅಕ್ಕನಿಗೆ ಇದನ್ನೆಲ್ಲ ಹೇಳಿದೆವು. ಅವರು ನಕ್ಕು, "ಸರಿ, ಅರ್ಧ ನಿಮಗೆ ಇರಲಿ" ಎಂದರು.

"ವೀಡು" 1988ರದು. ಕೆಲಸಕ್ಕೆ ಹೋಗುವ ಒಬ್ಬ ಹೆಣ್ಣುಮಗಳು ಬಾಡಿಗೆ ಮನೆ ಬಿಡಬೇಕಾಗಿ ಬಂದು ಸ್ವಂತ ಮನೆ ಕಟ್ಟಲು ಹೊರಡುತ್ತಾಳೆ. ಕಥೆ ಇಷ್ಟೇ. ಬರವಣಿಗೆ, ಕ್ಯಾಮೆರಾ, ಸಂಕಲನ, ನಿರ್ದೇಶನ ಎಲ್ಲ ಅವರೇ. ನಾವು ಬಾಲ್ಯದಲ್ಲಿ ನೋಡಿದ ಮದ್ರಾಸ್ ಸ್ಟುಡಿಯೋ ಚಿತ್ರಗಳಲ್ಲಿ ಗುಡಿಸಲಿನೊಳಗೂ ಮದುವೆಮನೆಯ ಬೆಳಕು. ನಡುರಾತ್ರಿ ಎದ್ದ ನಾಯಕಿಯ ಕೆನ್ನೆಯೂ ಹೊಳೆಯಬೇಕು. ಸೆಟ್ಟಿನ ಮೇಲೆ ಅಟ್ಟ ಕಟ್ಟಿ ಅಲ್ಲಿಂದ ದೀಪ ಸುರಿಯುತ್ತಿದ್ದರು. ಇಲ್ಲಿ ಹಾಗಲ್ಲ. ಕಿಟಕಿಯಿಂದ ಬಂದಷ್ಟೇ ಬೆಳಕು, ಬಾರದ ಕಡೆ ನೆರಳು. ಇದು ಸೋಮಾರಿಯ ಕೆಲಸವೆಂದು ಯಾರಾದರೂ ಅಂದಾರು. ದೀಪವಾದರೆ ನಾವು ಹೇಳಿದ ಕಡೆ ನಿಲ್ಲುತ್ತದೆ, ಬಿಸಿಲು ನಿಲ್ಲುತ್ತದೆಯೇ? ಒಂದು ಮೋಡ ಬಂದರೆ ಹಿಂದಿನ ಶಾಟಿಗೂ ಮುಂದಿನದಕ್ಕೂ ತಾಳೆಯಾಗದು. ಹಾಗಾಗಿ ಬಿಸಿಲಿನ ವೇಳೆ ನೋಡಿ, ನಟರನ್ನು ಬೆಳಕಿದ್ದಲ್ಲಿಗೆ ಕರೆದೊಯ್ದು, ಕಾದು ಕೂರಬೇಕು.

ಅದರಲ್ಲಿ ಚೊಕ್ಕಲಿಂಗ ಭಾಗವತರ್ ಮಾಡಿದ ಮುದಿ ತಾತ ಕಟ್ಟುತ್ತಿರುವ ಮನೆಯನ್ನು ನೋಡಲು ಒಬ್ಬರೇ ಹೋಗುತ್ತಾರೆ. ಗೋಡೆ ಸವರುತ್ತಾರೆ. ಮುಖದ ಸುಕ್ಕೆಲ್ಲ ಕಾಣುತ್ತದೆ, ಕಣ್ಣು ಪೂರಾ ತೆರೆದಿದೆ. ಅಲ್ಲಿಗೆ ನಮ್ಮಿಬ್ಬರಿಗೂ ಮಾತು ನಿಂತಿತು. ನಮ್ಮ ಕಿಟಕಿಯ ಪಕ್ಕ ಅಮ್ಮನ ಮುಖವೂ ಹೀಗೇ ಇತ್ತು. ನಾವೇ ಎಬ್ಬಿಸಿದೆವು. ಪಕ್ಕಕ್ಕೆ ತಿರುಗಿದರೆ ಅಕ್ಕ ಬೇರೆ ಯಾವುದೋ ಗೋಡೆಗಾಗಿ ಅಳುತ್ತಿದ್ದರು. ಅವರ ಮನೆ ಊರಲ್ಲೇ ಉಳಿದಿತ್ತು. ಏನೆಂದು ನಾವು ಕೇಳಲಿಲ್ಲ.

ಬಾಲು ಮಹೇಂದ್ರ ತಮ್ಮ ಕೊನೆಯ ಚಿತ್ರ "ತಲೈಮುರೈಗಳ್"ನಲ್ಲಿ (2013) ತಾವೇ ತಾತನಾಗಿ ಕ್ಯಾಮೆರಾ ಮುಂದೆ ಬಂದು, 2014ರ ಫೆಬ್ರುವರಿ 13ರಂದು ಚೆನ್ನೈಯಲ್ಲಿ ತೀರಿಕೊಂಡರು. ಬಾಲಾ, ವೆಟ್ರಿಮಾರನ್ ಮೊದಲಾದವರು ಅವರ ಕೈಕೆಳಗೇ ಪಳಗಿದವರು.

ಹೋದ ವರ್ಷ ನಮ್ಮ ಸುರುಳಿಯನ್ನು ಕಂಪ್ಯೂಟರಿಗೆ ಇಳಿಸಲು ಒಂದು ಅಂಗಡಿಗೆ ಕೊಟ್ಟೆವು. ಮುಖದ ಹೊಳಪು ಕಡಿಮೆ ಮಾಡಲು ಸಾಧ್ಯವೇ ಎಂದು ಕೇಳಿದೆವು. ಹುಡುಗ ಪ್ರಯತ್ನಪಟ್ಟ. ಸೀರೆಯ ಅಂಚು ಎದ್ದು ಬಂತು, ಬಳೆ ಕಂಡಿತು. ಮುಖ ಬೆಳ್ಳಗೇ ಉಳಿಯಿತು. ಬೆಳಕು ಹೆಚ್ಚಾಗಿ ಫಿಲಂ ಅಲ್ಲಿ ಬರಿದಾಗಿಬಿಟ್ಟಿದೆ, ತೆಗೆಯಲು ಒಳಗೆ ಏನೂ ಇಲ್ಲ ಎಂದ. ಸುರುಳಿಯ ಕೊನೆಗೆ ಅಮ್ಮ ಎದ್ದು ಅಡುಗೆಮನೆಯ ಕಡೆ ತಿರುಗುತ್ತಾರೆ. ಹುರುಳಿಕಾಯಿ ಇನ್ನೂ ಅರ್ಧ ಬಾಕಿಯಿತ್ತು.