ವೈಮೆಯಾದ ಕಳ್ಳ ತೆರೆ

ಕಡಲು ನನಗೆ ಹೊಸದಲ್ಲ. ನಾನು ಹುಟ್ಟಿ ಬೆಳೆದದ್ದು ಮರವಂತೆಯ ಹತ್ತಿರ. ಒಂದು ಪಕ್ಕದಲ್ಲಿ ಸೌಪರ್ಣಿಕಾ ನದಿ, ಇನ್ನೊಂದು ಪಕ್ಕದಲ್ಲಿ ಅರಬ್ಬಿ ಸಮುದ್ರ, ನಡುವೆ ಹೆದ್ದಾರಿ. ಮಳೆಗಾಲದ ರಾತ್ರಿ ಕಡಲಿನ ಮೊರೆತ ಕಿವಿಗೆ ಬೀಳದಿದ್ದರೆ ನನಗೆ ಈಗಲೂ ನಿದ್ದೆ ಹತ್ತುವುದಿಲ್ಲ. ಹಾಗಾಗಿ 'ಕಡಲಿನ ವಿಷಯ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ' ಎಂಬ ಸಣ್ಣ ಜಂಬ ನನ್ನಲ್ಲಿ ಇತ್ತು. ಆ ಜಂಬ ಇಳಿದದ್ದು ಹವಾಯಿಯಲ್ಲಿ, ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ. ಆ ಕಥೆಯನ್ನೇ ಈಗ ಹೇಳುತ್ತೇನೆ.

ಮಗನಿಗೆ ಹೊನೊಲುಲುವಿನಲ್ಲಿ ಕೆಲಸ. ಆಗಸ್ಟ್ ತಿಂಗಳಲ್ಲಿ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋಗಿ ಜನವರಿಯವರೆಗೂ ಇದ್ದೆವು. ಹವಾಯಿ ಎಂದರೆ ಪೆಸಿಫಿಕ್ ಸಾಗರದ ನಟ್ಟನಡುವೆ ಇರುವ ದ್ವೀಪಗಳ ಸಾಲು. 1959ರಲ್ಲಿ ಅದು ಅಮೆರಿಕದ 50ನೇ ರಾಜ್ಯವಾಯಿತು. ಕ್ಯಾಲಿಫೋರ್ನಿಯಾ ಅಲ್ಲಿಂದ ಸುಮಾರು 3,900 ಕಿಲೋಮೀಟರ್ ದೂರ. ಹೊನೊಲುಲು ಇರುವುದು ಒವಾಹು ಎಂಬ ದ್ವೀಪದಲ್ಲಿ. ತೆಂಗು, ಬಾಳೆ, ದಾಸವಾಳ, ಹಲಸು, ದೇವಕಣಗಿಲೆ ಎಲ್ಲವೂ ಅಲ್ಲಿವೆ. ಮನೆ ಬಿಟ್ಟು ಬಂದೆ ಅನ್ನಿಸುವುದೇ ಇಲ್ಲ.

ಹೋದ ಎರಡನೇ ವಾರ ಮಗ ನಮ್ಮನ್ನು ದ್ವೀಪದ ಉತ್ತರ ತೀರಕ್ಕೆ ಕರೆದೊಯ್ದ. ಕಾರಿನಲ್ಲಿ ಒಂದು ಗಂಟೆಯ ದಾರಿ. ಅನಾನಸು ಹೊಲಗಳನ್ನು ದಾಟಿ ಇಳಿದರೆ ವೈಮೆಯಾ ಎಂಬ ಕೊಲ್ಲಿ. ಎರಡೂ ಕಡೆ ಕಪ್ಪು ಬಂಡೆ, ನಡುವೆ ಅರ್ಧಚಂದ್ರದಂತೆ ಮರಳು. ಆ ದಿನ ನೀರು ನಮ್ಮೂರ ದೇವಸ್ಥಾನದ ಕೆರೆಯಷ್ಟು ಶಾಂತವಾಗಿತ್ತು. ತಳದ ಮರಳು ಕಾಣುವಷ್ಟು ತಿಳಿ. ಮಕ್ಕಳು ದೊಡ್ಡದೊಂದು ಬಂಡೆ ಹತ್ತಿ ಧುಮುಕುತ್ತಿದ್ದರು. ಹತ್ತು ವರ್ಷದ ಮೊಮ್ಮಗಳು ಪುಟ್ಟಿ ನನ್ನ ಕೈಹಿಡಿದು ಸೊಂಟದ ಮಟ್ಟದ ನೀರಿನಲ್ಲಿ ಗಂಟೆಗಟ್ಟಲೆ ಆಡಿದಳು.

"ಅಜ್ಜಯ್ಯ, ಇಲ್ಲಿ ಮನೆಯಷ್ಟು ಎತ್ತರದ ತೆರೆ ಬರ್ತದಂತೆ" ಎಂದಳು.

"ಇಲ್ಲಿಯಾ? ಮರವಂತೆಗೆ ಜೂನ್‌ನಲ್ಲಿ ಬಾ, ತೆರೆ ಅಂದರೆ ಏನೆಂದು ತೋರಿಸ್ತೇನೆ" ಎಂದು ನಕ್ಕೆ.

ಮತ್ತೆ ಅಲ್ಲಿಗೆ ಹೋದದ್ದು ಡಿಸೆಂಬರ್‌ನ ಒಂದು ಶನಿವಾರ. ಬೆಳಗ್ಗೆ ಒಂಬತ್ತು ಗಂಟೆ. ಆಕಾಶದಲ್ಲಿ ಮೋಡದ ಚೂರೂ ಇಲ್ಲ. ತೆಂಗಿನ ಗರಿ ಅಲುಗಾಡುವಷ್ಟೇ ಗಾಳಿ. ಡಿಸೆಂಬರ್ ಆದರೂ ನಮ್ಮ ಕರಾವಳಿಯ ಹಾಗೆಯೇ ಹಿತವಾದ ಬಿಸಿಲು. ಮರಳಿನಲ್ಲಿ ಎಚ್ಚರಿಕೆಯ ಹಲಗೆ ನೆಟ್ಟಿದ್ದರು. ಓದಿದೆ. 'ಇದು ಈಜು ಬಾರದ ಪ್ರವಾಸಿಗಳಿಗೆ' ಎಂದುಕೊಂಡು ಮುಂದೆ ಹೋದೆ. ಮಗ, ಸೊಸೆ, ನನ್ನ ಹೆಂಡತಿ ಕಾರಿನಿಂದ ಬುತ್ತಿ, ಚಾಪೆ ಇಳಿಸುತ್ತಿದ್ದರು. ಪುಟ್ಟಿ "ಕಾಲು ಮಾತ್ರ ಒದ್ದೆ ಮಾಡಿಕೊಳ್ಳುವ ಅಜ್ಜಯ್ಯ" ಎಂದಳು. ಐದು ನಿಮಿಷ ನಿಂತು ಕಡಲನ್ನು ನೋಡಿದೆ. ಮೊಣಕಾಲೆತ್ತರದ ತೆರೆಗಳು ಬಂದು ಹೋಗುತ್ತಿದ್ದವು, ಅಷ್ಟೆ. ದೂರದಲ್ಲಿ ಕೆಲವರು ಸರ್ಫಿಂಗ್ ಹಲಗೆಯ ಮೇಲೆ ಸುಮ್ಮನೆ ಕುಳಿತಿದ್ದರು. ಅವರು ಯಾವುದಕ್ಕೆ ಕಾಯುತ್ತಿದ್ದಾರೆ ಎಂದು ಯೋಚಿಸುವ ಬುದ್ಧಿ ನನಗೆ ಬರಲಿಲ್ಲ.

ಇಬ್ಬರೂ ಇಳಿದೆವು. ಅಲ್ಲಿ ದಂಡೆ ಬಹಳ ಇಳಿಜಾರು. ಪುಟ್ಟಿ ನನ್ನತ್ತ ತಿರುಗಿ, ಕಡಲಿಗೆ ಬೆನ್ನು ಹಾಕಿ ಏನೋ ಹೇಳುತ್ತಿದ್ದಳು. ಹಿಂದಿನ ಗೋಪುರದಿಂದ ಧ್ವನಿವರ್ಧಕದಲ್ಲಿ ಯಾರೋ ಕೂಗಿದ ಹಾಗಾಯಿತು. ಬೇರೆ ಯಾರಿಗೋ ಇರಬೇಕು ಎಂದುಕೊಂಡೆ. ತಲೆ ಎತ್ತಿದಾಗ ದಿಗಂತದ ಹತ್ತಿರ ಒಂದು ಕಪ್ಪು ಗೆರೆ ಕಂಡಿತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಕಲ್ಲಿನ ಮೇಲೆ ಕಲ್ಲು ಇಟ್ಟ ಹಾಗೆ ಗೆರೆ ಎತ್ತರವಾಗುತ್ತಾ ಬಂದು, ಕೊಲ್ಲಿಯ ಬಾಯಲ್ಲಿ ಗೋಡೆಯಂತೆ ಎದ್ದು ಮುರಿದು ಬಿತ್ತು. ಸದ್ದು ಎದೆಗೆ ಬಡಿಯಿತು. ನೊರೆ ದಂಡೆಯನ್ನು ಏರಿ ನನ್ನ ಸೊಂಟದವರೆಗೆ, ಅವಳ ಎದೆಯವರೆಗೆ ಬಂತು. ಅದು ಬಂದಾಗ ಅಷ್ಟು ಭಯವಾಗಲಿಲ್ಲ. ಹಿಂದೆ ಹೋಗುವಾಗ ಕಾಲಡಿಯ ಮರಳನ್ನೇ ಎಳೆದುಕೊಂಡು ಹೋಯಿತು. ಇಬ್ಬರೂ ಬಿದ್ದೆವು. ಪುಟ್ಟಿಯ ಕೈ ನನ್ನ ಕೈಯಿಂದ ಜಾರಿತು.

ಅದು ಎರಡು ಮೂರು ಸೆಕೆಂಡ್ ಇರಬಹುದು. ನನ್ನ ಲೆಕ್ಕದಲ್ಲಿ ಅದು ಇನ್ನೂ ಮುಗಿದಿಲ್ಲ.

ಕೂಗುವಾಗಲೇ ಓಡಿ ಬರುತ್ತಿದ್ದ ಒಬ್ಬಳು ಜೀವರಕ್ಷಕಿ ಪುಟ್ಟಿಯ ತೋಳು ಹಿಡಿದು ಎತ್ತಿದಳು. ಇನ್ನೊಬ್ಬ ನನ್ನ ಅಂಗಿಯ ಕಾಲರಿಗೇ ಕೈಹಾಕಿ ಮೇಲಕ್ಕೆ ಎಳೆದ. ಮುಂದಿನ ತೆರೆ ಬರುವಷ್ಟರಲ್ಲಿ ನಾವು ಒಣ ಮರಳಿನ ಮೇಲೆ ಇದ್ದೆವು. ಹೋದದ್ದು ನನ್ನ ಕನ್ನಡಕ ಮಾತ್ರ.

ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಹವಾಯಿಯಲ್ಲಿ ಹಿರಿಯರನ್ನು ನಮ್ಮಲ್ಲಿಯ ಹಾಗೆಯೇ 'ಅಂಕಲ್', 'ಆಂಟಿ' ಎಂದು ಕರೆಯುತ್ತಾರೆ. "ಅಂಕಲ್, ಇಳಿಯುವ ಮೊದಲು ಎಷ್ಟು ಹೊತ್ತು ನೋಡಿದಿರಿ?" ಎಂದು ಕೇಳಿದಳು.

"ಐದು ನಿಮಿಷ."

"ದೊಡ್ಡ ತೆರೆಗಳು ಗುಂಪಾಗಿ ಬರುತ್ತವೆ. ಎರಡು ಗುಂಪುಗಳ ನಡುವೆ ಹದಿನೈದು ನಿಮಿಷ ಕಡಲು ಮಲಗಿದ ಹಾಗೆ ಇರಬಹುದು. ನೀವು ಅದು ಮಲಗಿದ್ದಾಗ ನೋಡಿದಿರಿ" ಎಂದಳು. ಆಮೇಲೆ ನಮ್ಮ ಹಿಂದೆ ಕೈ ತೋರಿಸಿದಳು. ನಾವು ನಿಂತಿದ್ದ ಜಾಗಕ್ಕಿಂತ ಎಷ್ಟೋ ಮೇಲಿನವರೆಗೆ ಮರಳು ಒದ್ದೆಯಾಗಿ ಹೊಳೆಯುತ್ತಿತ್ತು. ಹಿಂದಿನ ಗುಂಪು ಎಲ್ಲಿಯವರೆಗೆ ಬಂದು ಹೋಗಿತ್ತು ಎಂಬುದನ್ನು ಕಡಲೇ ಗೆರೆ ಎಳೆದು ಬರೆದಿಟ್ಟಿತ್ತು. ನಾಲ್ಕು ದಶಕ ಮಕ್ಕಳಿಗೆ ಪಾಠ ಹೇಳಿದ ಮೇಷ್ಟ್ರು ನಾನು, ಅದನ್ನು ಓದಿರಲಿಲ್ಲ.

ನನಗೆ ಅರ್ಥವಾಗದೆ ಉಳಿದದ್ದು ಒಂದೇ. ಗಾಳಿ ಇಲ್ಲ, ಮಳೆ ಇಲ್ಲ, ಆಕಾಶ ನೀಲಿ. ಅಂಥ ತೆರೆ ಎಲ್ಲಿಂದ ಬಂತು?

ಅದನ್ನು ತಿಳಿದುಕೊಂಡದ್ದು ಆ ಸಂಜೆ, ಮಗನ ಜೊತೆ ಭೂಪಟ ಹರವಿಕೊಂಡು. ಮಕ್ಕಳೇ, ನೀವೂ ಒಂದು ಭೂಪಟ ತೆಗೆಯಿರಿ. ಹವಾಯಿಯಿಂದ ಉತ್ತರಕ್ಕೆ ಬೆರಳು ಸರಿಸಿದರೆ ಅಲಾಸ್ಕಾದ ಬಾಲದಂತಿರುವ ಅಲ್ಯೂಷಿಯನ್ ದ್ವೀಪಗಳು ಸಿಗುತ್ತವೆ. ಸುಮಾರು 3,500 ಕಿಲೋಮೀಟರ್ ದೂರ. ಚಳಿಗಾಲದಲ್ಲಿ ಅಲ್ಲಿ ಒಂದರ ಹಿಂದೆ ಒಂದರಂತೆ ಬಿರುಗಾಳಿ ಏಳುತ್ತದೆ. ಗಾಳಿ ಎಷ್ಟು ಜೋರು, ಎಷ್ಟು ಹೊತ್ತು ಬೀಸಿತು, ಎಷ್ಟು ಅಗಲದ ನೀರಿನ ಮೇಲೆ ಬೀಸಿತು ಎಂಬ ಮೂರರಿಂದ ತೆರೆಯ ಗಾತ್ರ ನಿರ್ಧಾರವಾಗುತ್ತದೆ. ಹಾಗೆ ಹುಟ್ಟಿದ ತೆರೆ ಬಿರುಗಾಳಿಯನ್ನು ಅಲ್ಲೇ ಬಿಟ್ಟು ತಾನೊಂದೇ ಪ್ರಯಾಣ ಹೊರಡುತ್ತದೆ. ನೀರು ಪ್ರಯಾಣ ಮಾಡುವುದಿಲ್ಲ. ನಡುಗಡಲಲ್ಲಿ ತೆಂಗಿನಕಾಯಿ ತೇಲಿಬಿಟ್ಟರೆ ತೆರೆ ದಾಟುವಾಗ ಅದು ಮೇಲೆದ್ದು ಕೆಳಗಿಳಿದು ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಸಾಗುವುದು ಗಾಳಿ ಕೊಟ್ಟ ಶಕ್ತಿ ಮಾತ್ರ.

ಒಂದು ತೆರೆಯ ತಲೆಗೂ ಮುಂದಿನ ತೆರೆಯ ತಲೆಗೂ ನಡುವೆ 20 ಸೆಕೆಂಡ್ ಅಂತರವಿದ್ದರೆ, ಆ ಗುಂಪು ಆಳವಾದ ಸಾಗರದಲ್ಲಿ ಗಂಟೆಗೆ ಸುಮಾರು 56 ಕಿಲೋಮೀಟರ್ ವೇಗದಲ್ಲಿ ಸಾಗುತ್ತದೆ. 3,500ನ್ನು 56ರಿಂದ ಭಾಗಿಸಿ ನೋಡಿ. ಎರಡೂವರೆ ದಿನಕ್ಕಿಂತ ಸ್ವಲ್ಪ ಹೆಚ್ಚು. ಅಂದರೆ ಶನಿವಾರ ನಮ್ಮನ್ನು ಕೆಡವಿದ ತೆರೆ ಹುಟ್ಟಿದ್ದು ಬುಧವಾರದ ಹೊತ್ತಿಗೆ ಇರಬೇಕು. ಆಗ ನಾವು ಹೊನೊಲುಲುವಿನ ಮನೆಯಲ್ಲಿ ದೋಸೆ ತಿನ್ನುತ್ತಿದ್ದೆವು! ಅಂತರ ಹೆಚ್ಚಿರುವ ಉದ್ದ ತೆರೆಗಳೇ ವೇಗವಾಗಿ ಸಾಗಿ ಮೊದಲು ತಲುಪುತ್ತವೆ. ಅದಕ್ಕೇ ಮೊದಲ ದಿನ ಗುಂಪುಗಳ ನಡುವಿನ ಬಿಡುವು ಹೆಚ್ಚು, ಮೋಸವೂ ಹೆಚ್ಚು.

ಹವಾಯಿ ದ್ವೀಪಗಳು ಸಮುದ್ರದ ತಳದಿಂದ ಎದ್ದುಬಂದ ಜ್ವಾಲಾಮುಖಿಗಳು. ದಂಡೆಯಿಂದ ಸ್ವಲ್ಪವೇ ದೂರದಲ್ಲಿ ಆಳ ಶುರುವಾಗುತ್ತದೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಹತ್ತಾರು ಕಿಲೋಮೀಟರ್‌ವರೆಗೆ ತಳ ನಿಧಾನವಾಗಿ ಇಳಿಯುತ್ತದೆ. ದೂರದಿಂದ ಬಂದ ತೆರೆಯ ಶಕ್ತಿ ಆ ತಳಕ್ಕೆ ಉಜ್ಜಿ ಒಂದಿಷ್ಟು ಕರಗುತ್ತದೆ. ಅಲ್ಲಿ ಹಾಗೆ ಕರಗಲು ಜಾಗವೇ ಇಲ್ಲ. ಆಗಸ್ಟ್‌ನಲ್ಲಿ ಉತ್ತರದ ಬಿರುಗಾಳಿಗಳು ಇರುವುದಿಲ್ಲವಾದ್ದರಿಂದ ವೈಮೆಯಾ ಕೆರೆಯ ಹಾಗಿತ್ತು. ಆದರೆ ಆ ಕಾಲದಲ್ಲಿ ಭೂಮಿಯ ದಕ್ಷಿಣಾರ್ಧದಲ್ಲಿ ಚಳಿಗಾಲ. ಅಲ್ಲಿಯ ಬಿರುಗಾಳಿಗಳು ಕಳಿಸಿದ ತೆರೆ ದ್ವೀಪದ ದಕ್ಷಿಣ ತೀರದ ವೈಕಿಕಿಯನ್ನು ಮುಟ್ಟುತ್ತದೆ. 1963ರಲ್ಲಿ ವಾಲ್ಟರ್ ಮಂಕ್ ಎಂಬ ವಿಜ್ಞಾನಿ ಮತ್ತು ಅವರ ತಂಡ ನ್ಯೂಜಿಲೆಂಡಿನಿಂದ ಅಲಾಸ್ಕಾದವರೆಗೆ ಅಲ್ಲಲ್ಲಿ ಅಳೆಯುವ ಉಪಕರಣ ಇಟ್ಟು, ದಕ್ಷಿಣದ ಬಿರುಗಾಳಿಯ ತೆರೆಗಳು ಇಡೀ ಪೆಸಿಫಿಕ್ ದಾಟಿ ಅಲಾಸ್ಕಾ ತಲುಪುವುದನ್ನು ತೋರಿಸಿಕೊಟ್ಟರು.

ನನ್ನ ತಪ್ಪು ಎಲ್ಲಿ ಎಂದು ಆಗ ಗೊತ್ತಾಯಿತು. ಮರವಂತೆಯ ಮಳೆಗಾಲದಲ್ಲಿ ಗಾಳಿ, ಮಳೆ, ತೆರೆ ಮೂರೂ ಒಟ್ಟಿಗೆ ಬರುತ್ತವೆ. ಆಕಾಶ ನೋಡಿದರೆ ಕಡಲಿನ ಸಿಟ್ಟು ತಿಳಿಯುತ್ತದೆ. ಆ ಲೆಕ್ಕವನ್ನೇ ಇಲ್ಲಿಗೂ ತಂದಿದ್ದೆ. ವೈಮೆಯಾದಲ್ಲಿ ತೆರೆ ಒಂಟಿಯಾಗಿ, ಗಾಳಿಯ ಸುದ್ದಿಯೂ ಇಲ್ಲದೆ ಬರುತ್ತದೆ.

ಮರುವಾರ ಪುಟ್ಟಿಯೇ "ಮತ್ತೆ ಹೋಗುವ, ದೂರದಿಂದ ನೋಡುವ" ಎಂದಳು. ಹೋದೆವು. ಆ ದಿನ ತೆರೆ ನಿಜಕ್ಕೂ ಮನೆಗಿಂತ ಎತ್ತರವಿತ್ತು. ಅಲ್ಲಿಯ ಹಳಬರು ತೆರೆಯನ್ನು ಹಿಂದಿನಿಂದ ಅಳೆಯುತ್ತಾರೆ. ಅವರು '10 ಅಡಿ' ಎಂದರೆ ದಂಡೆಯಲ್ಲಿ ನಿಂತವರಿಗೆ ಕಾಣುವುದು ಸುಮಾರು 20 ಅಡಿ!

ಅಲ್ಲಿ ಎಡ್ಡಿ ಐಕಾವ್ ಅವರ ಹೆಸರಿನ ಸ್ಮಾರಕವನ್ನೂ ನೋಡಿದೆವು. 1968ರಲ್ಲಿ ವೈಮೆಯಾದ ಮೊದಲ ಜೀವರಕ್ಷಕರಾಗಿ ನೇಮಕಗೊಂಡವರು ಅವರು. ದೊಡ್ಡ ತೆರೆಗೆ ಹೆದರದ ಸರ್ಫರ್, ನೂರಾರು ಜೀವ ಉಳಿಸಿದವರು. 1978ರಲ್ಲಿ ಹೊಕುಲೆಯಾ ಎಂಬ ಸಾಂಪ್ರದಾಯಿಕ ಹಾಯಿದೋಣಿ ರಾತ್ರಿ ಕಡಲಲ್ಲಿ ಮಗುಚಿತು. ಜೊತೆಗಾರರಿಗೆ ನೆರವು ತರುತ್ತೇನೆಂದು ಎಡ್ಡಿ ತಮ್ಮ ಸರ್ಫಿಂಗ್ ಹಲಗೆಯ ಮೇಲೆ ದಡದ ಕಡೆ ಹೊರಟರು. ದೋಣಿಯಲ್ಲಿದ್ದವರನ್ನು ರಕ್ಷಿಸಲಾಯಿತು. ಎಡ್ಡಿ ಸಿಗಲೇ ಇಲ್ಲ. ಅವರ ಹೆಸರಿನಲ್ಲಿ ಅಲ್ಲಿ ಸರ್ಫಿಂಗ್ ಸ್ಪರ್ಧೆ ಇದೆ. ತೆರೆಯ ಮುಖ ಸುಮಾರು 40 ಅಡಿ ಎದ್ದರೆ ಮಾತ್ರ ಸ್ಪರ್ಧೆ. ಕಡಲು ಒಪ್ಪದಿದ್ದರೆ ಎಷ್ಟೋ ವರ್ಷ ನಡೆಯುವುದೇ ಇಲ್ಲ. ಅಷ್ಟು ಧೈರ್ಯದವರೂ ಕಡಲಿನ ಒಪ್ಪಿಗೆಗೆ ಕಾಯುತ್ತಾರೆ. ನಾನು ಐದು ನಿಮಿಷ ಕಾದಿದ್ದೆ.

ಊರಿಗೆ ಬಂದ ಮೇಲೆ ಈ ಕಥೆಯನ್ನು ಮೀನುಗಾರ ಗೆಳೆಯನಿಗೆ ಹೇಳಿದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ. "ಕೇರಳದವರು ಅದಕ್ಕೆ ಕಳ್ಳಕ್ಕಡಲ್ ಅಂತಾರೆ ಮೇಷ್ಟ್ರೇ" ಎಂದ. ಮಳೆಗಾಲಕ್ಕೆ ಮುಂಚೆ, ಬಿಸಿಲು ಕಾಯುತ್ತಿರುವಾಗಲೇ, ಹಿಂದೂ ಮಹಾಸಾಗರದ ದಕ್ಷಿಣ ತುದಿಯ ಬಿರುಗಾಳಿ ಕಳಿಸಿದ ತೆರೆ ಕಳ್ಳನ ಹಾಗೆ ಬಂದು ದಂಡೆ ಏರುತ್ತದೆ. ಈಗ ಹೈದರಾಬಾದಿನಲ್ಲಿರುವ ಭಾರತೀಯ ಸಾಗರ ಮಾಹಿತಿ ಸೇವೆಗಳ ರಾಷ್ಟ್ರೀಯ ಕೇಂದ್ರ ಅಂಥ ತೆರೆಯ ಮುನ್ಸೂಚನೆ ಕೊಡುತ್ತದೆ. ಕಡಲತೀರಕ್ಕೆ ಪ್ರವಾಸ ಹೊರಡುವ ಶಾಲೆಯವರೂ ಮನೆಯವರೂ ಅದನ್ನು ಒಮ್ಮೆ ನೋಡಿಕೊಂಡರೆ ಒಳ್ಳೆಯದು. ದಂಡೆಯಲ್ಲಿ ಕೆಂಪು ಬಾವುಟ ಇದ್ದರೆ, ಜೀವರಕ್ಷಕರು ಬೇಡ ಎಂದರೆ, ಅಲ್ಲಿಗೆ ಮಾತು ಮುಗಿಯಿತು.

ಸಣ್ಣವನಿದ್ದಾಗ ಅಮ್ಮ ದಿನಕ್ಕೆ ಹತ್ತು ಸಲ ಹೇಳುತ್ತಿದ್ದಳು, "ಕಡಲಿಗೆ ಬೆನ್ನು ಹಾಕಬೇಡ ಮಗಾ." ವೈಮೆಯಾದ ಹಲಗೆಯ ಮೇಲೂ ಎಚ್ಚರಿಕೆ ಇತ್ತು, ಮರಳಿನ ಮೇಲೂ ಇತ್ತು, ಅಮ್ಮನ ಮಾತಿನಲ್ಲೂ ಇತ್ತು. ಮೂರನ್ನೂ ಮರೆತಿದ್ದೆ.

ಈಗ ಭಾನುವಾರ ಪುಟ್ಟಿ ಫೋನ್ ಮಾಡಿದಾಗ ನಾನು ಸಂಜೆ ಕಡಲ ಬದಿಗೆ ಹೋಗುತ್ತೇನೆ ಎಂದರೆ ಸಾಕು, ಒಂದೇ ಪ್ರಶ್ನೆ ಕೇಳುತ್ತಾಳೆ.

"ಅಜ್ಜಯ್ಯ, ಇಪ್ಪತ್ತು ನಿಮಿಷ ನೋಡ್ತೀಯಲ್ಲ?"

ನೋಡುತ್ತೇನೆ. ಹೊಸ ಕನ್ನಡಕ ಹಾಕಿಕೊಂಡು, ಒದ್ದೆ ಮರಳಿನ ಗೆರೆಗಿಂತ ಮೇಲೆ ಕುಳಿತು.