ಕುದುರೆ ಕಿವಿಯ ಬೆಳೆ

ಅಹಮದಾಬಾದಿನಿಂದ ಪಾಲನ್‌ಪುರದ ಕಡೆ ಹೊರಟ ರೈಲು ಮೆಹ್ಸಾಣಾ ದಾಟಿದ ಮೇಲೆ ಊಂಝಾ ಬರುತ್ತದೆ. ಜೀರಿಗೆ, ಸೋಂಪು, ಇಸಬ್‌ಗೋಲ್‌ಗೆ ಹೆಸರಾದ ಮಾರುಕಟ್ಟೆ. ಮಲಬದ್ಧತೆಗೆಂದು ಔಷಧಿ ಅಂಗಡಿಯಲ್ಲಿ ಕೊಡುವ ಬಿಳಿ ಹೊಟ್ಟು ಈ ಇಸಬ್‌ಗೋಲ್ ಬೀಜದ ಮೇಲ್ಸಿಪ್ಪೆ. ಪರ್ಷಿಯನ್ ಮೂಲದ ಈ ಹೆಸರಿಗೆ ಕುದುರೆಯ ಕಿವಿ ಎಂದರ್ಥ. ಬೀಜದ ಆಕಾರ ನೋಡಿದರೆ ಹೆಸರಿಟ್ಟವರ ಕಣ್ಣನ್ನು ಮೆಚ್ಚಲೇಬೇಕು.

ಮೊಧೇರಾದ ಸೂರ್ಯ ದೇವಾಲಯ ನೋಡಲು ಫೆಬ್ರುವರಿಯಲ್ಲಿ ಈ ಜಿಲ್ಲೆಗೆ ಬಂದವರು ಇದನ್ನು ಹುಲ್ಲೆಂದೇ ಭಾವಿಸಿ ಮುಂದೆ ಹೋಗುವುದುಂಟು. ಮೊಣಕಾಲೆತ್ತರದ ಗಿಡ, ತುದಿಯಲ್ಲಿ ಪುಟ್ಟ ತೆನೆ, ಅಷ್ಟೇ.

ಬಿತ್ತನೆ ನವೆಂಬರಿನಲ್ಲಿ. ಸಾವಿರ ಬೀಜ ತೂಗಿದರೂ ಎರಡು ಗ್ರಾಂ ಆಗದು. ಕೈಯಿಂದ ಎರಚುವಾಗ ಹತೋಟಿ ತಪ್ಪುವುದು ಇಲ್ಲಿಯೇ. ಹೆಕ್ಟೇರಿಗೆ 10 ಕಿಲೋ ಬಿದ್ದರೆ ಚದರ ಮೀಟರಿಗೆ ಎಷ್ಟು ಬೀಜವೆಂದು ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ: 500ಕ್ಕೂ ಹೆಚ್ಚು! ಎಲೆಗೆ ಎಲೆ ತಾಗುತ್ತದೆ, ಗಾಳಿ ಆಡುವುದಿಲ್ಲ, ಇಬ್ಬನಿ ಬೇಗ ಆರುವುದಿಲ್ಲ. ಬೂಜು ರೋಗಕ್ಕೆ ಇನ್ನೇನು ಬೇಕು?

ತೆನೆ ಮೂಡುವ ಹೊತ್ತಿಗೆ, ಬಿತ್ತಿ ಸುಮಾರು ಎರಡು ತಿಂಗಳಾದಾಗ, ಸಸ್ಯಹೇನು ಬರುತ್ತದೆ. ಇದರ ಹೆಣ್ಣು ಗಂಡಿನ ಹಂಗಿಲ್ಲದೆ ಜೀವಂತ ಮರಿಗಳನ್ನೇ ಹಾಕಬಲ್ಲದು. ಒಂದೆರಡು ವಾರದೊಳಗೆ ಮರಿಯೂ ತಾಯಿ! ಒತ್ತಾಗಿ ಬೆಳೆದ ಹೊಲದಲ್ಲಿ ಅವು ಗಿಡದಿಂದ ಗಿಡಕ್ಕೆ ನಡೆದೇ ಹೋಗುತ್ತವೆ. ರಸ ಹೀರಿ ಅಂಟು ಸುರಿಸುತ್ತವೆ. ಅದರ ಮೇಲೆ ಕಪ್ಪು ಬೂಷ್ಟು, ತೆನೆಯಲ್ಲಿ ಜೊಳ್ಳು. ಔಷಧ ಸಿಂಪಡಿಸೋಣವೆಂದರೆ ಈ ಹೊಟ್ಟನ್ನು ಜನ ಬೇಯಿಸದೆ ನುಂಗುತ್ತಾರೆ. ವಿಷದ ಶೇಷ ಎಲ್ಲಿಗೆ ಹೋಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ದೂರ ದೂರ ಬಿತ್ತಿದರಾಯಿತಲ್ಲ? ಅಷ್ಟು ಸುಲಭವಿಲ್ಲ. ರೆಕ್ಕೆಯ ಸಸ್ಯಹೇನು ಬರಿ ಮಣ್ಣಿನ ನಡುವೆ ಎದ್ದು ಕಾಣುವ ಹಸಿರನ್ನು ಹುಡುಕಿ ಇಳಿಯುತ್ತದೆ. ಆಫ್ರಿಕದಲ್ಲಿ ಶೇಂಗಾವನ್ನು ಒತ್ತಾಗಿ ಬಿತ್ತಿದರೆ ಸಸ್ಯಹೇನು ಹರಡುವ ರೋಸೆಟ್ ರೋಗ ಕಡಿಮೆಯಾಗುವುದು ಇದರಿಂದಲೇ. ಜೊತೆಗೆ ಖಾಲಿ ಜಾಗಕ್ಕೆ ಕಳೆ ನುಗ್ಗುತ್ತದೆ. ವಿರಳ ಗಿಡ ಹೆಚ್ಚು ತೆನೆ ಕೊಟ್ಟರೂ ಹೊಲದ ಒಟ್ಟು ಲೆಕ್ಕ ತುಂಬಿಕೊಡಲು ಅದಕ್ಕೂ ಒಂದು ಮಿತಿಯಿದೆ. 20ರಿಂದ 30 ಸೆಂಟಿಮೀಟರ್ ಅಂತರದ ಸಾಲುಗಳಲ್ಲಿ ತೆಳುವಾಗಿ ಬಿತ್ತುವುದು ಈ ಎರಡರ ನಡುವಿನ ರಾಜಿ. ಸಾಲಿದ್ದರೆ ಕಳೆ ತೆಗೆಯುವವರು ಬಗ್ಗಿದಾಗ ಹೇನು ಮೊದಲೇ ಕಣ್ಣಿಗೆ ಬೀಳುತ್ತದೆ ಎಂಬುದು ಸಣ್ಣ ಲಾಭವೇನಲ್ಲ.

ಇಷ್ಟೆಲ್ಲ ಉಳಿಸಿಕೊಂಡ ಬೆಳೆಯನ್ನು ಮಾರ್ಚ್‌ನ ಒಂದೇ ಮಳೆ ನೆಲಕ್ಕೆ ಉದುರಿಸಬಲ್ಲದು. ಮೋಡ ಕಂಡರೆ ಇಲ್ಲಿ ಯಾರೂ ಸಂತೋಷಪಡುವುದಿಲ್ಲ. ಬಿಸಿಲೇರಿದರೂ ಬೀಜ ಸಿಡಿಯುತ್ತದೆ. ಆದ್ದರಿಂದ ಚಳಿಗಾಲವಿಡೀ ಬೈದ ಇಬ್ಬನಿಯನ್ನೇ ಈಗ ನೆಚ್ಚಿ, ಅದು ಆರುವ ಮುನ್ನ ಬೆಳಿಗ್ಗೆ ಕುಡುಗೋಲು ಹಿಡಿದು ಹೊಲಕ್ಕೆ ಇಳಿಯುತ್ತಾರೆ.