ಎಸ್.ಪಿ. ರೋಡ್‌ನಲ್ಲಿ ಸಿಕ್ಕಿದ ಹಾಡುವ ಫೋನು

ಬೆಂಗಳೂರಲ್ಲಿ ಇಂಜಿನಿಯರಿಂಗ್ ಓದಿದವರು ಒಮ್ಮೆಯಾದ್ರೂ ಎಸ್.ಪಿ. ರೋಡ್ ಸುತ್ತಿರ್ತಾರೆ. ಪೂರ್ತಿ ಹೆಸರು ಸದರ್ ಪತ್ರಪ್ಪ ರಸ್ತೆ. ಟೌನ್‌ಹಾಲ್‌ನಿಂದ ನಡೆದೇ ಹೋಗಬಹುದು. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ರೆಸಿಸ್ಟರ್, ಸೆನ್ಸರ್ ಎಲ್ಲ ತಂದಿದ್ದು ಇಲ್ಲಿಂದಲೇ. ಕೆಲಸಕ್ಕೆ ಸೇರಿದ ಮೇಲೆ ಎಲ್ಲವೂ ಆನ್‌ಲೈನ್ ಆಗಿ, ಈ ಕಡೆ ಬಂದು ಏಳೆಂಟು ವರ್ಷವೇ ಆಗಿತ್ತು.

ಈ ಸಲ ಬಂದಿದ್ದು ಅಪ್ಪನಿಗೋಸ್ಕರ. ಅಪ್ಪ ಇರೋದು ಸಕಲೇಶಪುರದ ಹತ್ತಿರ, ತೋಟದ ಮನೆಯಲ್ಲಿ. ತಮ್ಮ ಕೊಡಿಸಿದ ದುಬಾರಿ ಟಚ್ ಫೋನ್ ಅವರಿಗೆ ಒಗ್ಗಲೇ ಇಲ್ಲ. ಅದರಲ್ಲಿ ಇಯರ್‌ಫೋನ್ ಹಾಕುವ ತೂತಿಲ್ಲ, ಮೆಮೊರಿ ಕಾರ್ಡಿಗೆ ಜಾಗವಿಲ್ಲ, ರೇಡಿಯೋ ಇಲ್ಲ. ಹಾಡು ಕೇಳಬೇಕಂದ್ರೆ ನೆಟ್ ಬೇಕು, ನೆಟ್ ಬೇಕಂದ್ರೆ ಗೇಟಿನ ತನಕ ಹೋಗಿ ನಿಲ್ಲಬೇಕು. ಮಳೆಗಾಲದಲ್ಲಿ ಅದೂ ಆಗದ ಮಾತು.

ಹಳೇ ಕೀಪ್ಯಾಡ್ ಫೋನ್ ಕೆಟ್ಟುಹೋಗಿದ್ದರೂ ಅದರ ಕಾರ್ಡನ್ನು ಅಪ್ಪ ಕುಂಕುಮದ ಡಬ್ಬಿಯಲ್ಲಿ ಇಟ್ಟಿದ್ದರು. ಅದರಲ್ಲಿ ಅಮ್ಮ ಹಾಡಿದ ದೇವರನಾಮಗಳಿವೆ. ಅಮ್ಮ ಹೋಗಿ ಎರಡು ವರ್ಷವಾಯ್ತು. ಲ್ಯಾಪ್‌ಟಾಪ್‌ಗೆ ಎಲ್ಲ ಕಾಪಿ ಮಾಡಿಟ್ಟುಕೊಂಡು, ಕಾರ್ಡನ್ನು ಪರ್ಸಿನಲ್ಲಿಟ್ಟು ಹೊರಟೆ.

ರಸ್ತೆ ಏನೂ ಬದಲಾಗಿಲ್ಲ. ಕೈಗಾಡಿ, ಆಟೋ, ತಲೆ ಮೇಲೆ ಮಾನಿಟರ್ ಡಬ್ಬ ಹೊತ್ತ ಹುಡುಗರು, ಎರಡೂ ಕಡೆ ಒತ್ತೊತ್ತಾಗಿ ಅಂಗಡಿ. ಒಂದರ ತುಂಬಾ ಬರೀ ಕೇಬಲ್, ಪಕ್ಕದ್ದರಲ್ಲಿ ಬರೀ ಸಿಸಿಟಿವಿ. ಮೇಲೆ ನೋಡಿದ್ರೆ ಆಕಾಶಕ್ಕಿಂತ ವೈರೇ ಜಾಸ್ತಿ. ‘ಬನ್ನಿ ಸರ್, ಏನ್ ಬೇಕು?’ ಅನ್ನುವ ಕೂಗು ಮಾತ್ರ ಹಳೇದೇ.

ಒಂದು ಪುಟ್ಟ ಅಂಗಡಿಯಲ್ಲಿ ಕೀಪ್ಯಾಡ್ ಫೋನ್ ಕೇಳಿದೆ. ಕಾರ್ಡು ಹಾಕಿದ್ರೆ ‘ಫೈಲ್ ನಾಟ್ ಸಪೋರ್ಟೆಡ್’ ಅಂತ ಬಂತು. ಹಳೇ ಫೋನಿನ ರೆಕಾರ್ಡಿಂಗ್ ಎಎಂಆರ್ ಫಾರ್ಮ್ಯಾಟ್‌ನದು. ಮಾತಿಗೆಂದೇ ಮಾಡಿದ್ದು ಅದು, ನಿಮಿಷಕ್ಕೆ 100 ಕೆಬಿಯೂ ಹಿಡಿಯಲ್ಲ. ಸಾಧಾರಣ ಎಂಪಿ3 ಹಾಡಿಗೆ ನಿಮಿಷಕ್ಕೆ ಸುಮಾರು 1 ಎಂಬಿ ಬೇಕು. ಎಂಪಿ3ಗೆ ಬದಲಾಯಿಸೋದು ನನಗೆ ಐದು ನಿಮಿಷದ ಕೆಲಸ. ಆದ್ರೆ ಅಪ್ಪ ಹೇಳಿ ಕಳಿಸಿದ್ದೇ ‘ಕಾರ್ಡಿನಲ್ಲಿರೋದನ್ನ ಮುಟ್ಟಬೇಡ’ ಅಂತ.

ಅಂಗಡಿಯವರು ಬೇಸರ ಮಾಡ್ಕೊಳ್ಳಲಿಲ್ಲ. ‘ಇದು ನೋಡೋಣ ಸರ್’ ಅಂತ ಇನ್ನೊಂದು ಬಿಚ್ಚಿದರು. ಅದೂ ಆಗಲಿಲ್ಲ. ಮೂರನೇದರಲ್ಲಿ ಅಮ್ಮನ ದನಿ ಬಂತು, ಹಿಂದೆ ಕುಕ್ಕರ್ ಸೀಟಿಯ ಸಮೇತ. ‘ಯಾರು ಸರ್ ಹಾಡಿರೋದು?’ ಅಂದರು. ಹೇಳಿದೆ. ಎದ್ದು ಹೋಗಿ ಅಂಗಡಿಯ ಟಿವಿ ಸದ್ದು ತಗ್ಗಿಸಿದರು. ಹಾಡು ಮುಗಿಯುವ ತನಕ ಇಬ್ಬರೂ ಮಾತಾಡಲಿಲ್ಲ. ಫೋನಿಗೆ 1,450 ರೂಪಾಯಿ ಆಯ್ತು. ಅವತ್ತು ಚೌಕಾಸಿ ಮಾಡೋ ಮನಸ್ಸಾಗಲಿಲ್ಲ.

ಈಗ ಅಪ್ಪ ಫೋನನ್ನು ಅಂಗಿ ಜೇಬಿನಲ್ಲಿಟ್ಟುಕೊಂಡೇ ತೋಟ ಸುತ್ತುತ್ತಾರೆ. ಬೆಳಿಗ್ಗೆ ಹಾಸನ ಆಕಾಶವಾಣಿ, ಸಂಜೆ ದೀಪ ಹಚ್ಚಿದ ಮೇಲೆ ಕಾರ್ಡು. ಆ ಹೊತ್ತಲ್ಲಿ ನಾನು ಕಾಲ್ ಮಾಡಿದ್ರೆ, ‘ನೀನು ಫೋನ್ ಮಾಡಿದ್ರೆ ಹಾಡು ನಿಲ್ಲುತ್ತೆ ಕಣೋ, ಬೇಗ ಹೇಳು’ ಅಂತಾರೆ.

ಮನೆಯ ಹಿರಿಯರಿಗೆ ಇಂಥ ಫೋನ್ ಕೊಡಿಸೋ ಯೋಚನೆ ಇದ್ರೆ ಕೆಲವು ಮಾತು. 4ಜಿ ಮಾತ್ರ ಇರುವ ಸಿಮ್ 2ಜಿ ಕೀಪ್ಯಾಡ್ ಫೋನಿನಲ್ಲಿ ಕೆಲಸ ಮಾಡಲ್ಲ, ಮೊದಲೇ ಕೇಳಿ. ಎಷ್ಟೋ ಫೋನ್‌ಗಳಲ್ಲಿ ಇಯರ್‌ಫೋನ್ ವೈರೇ ಎಫ್‌ಎಂನ ಆಂಟೆನಾ, ಚುಚ್ಚದಿದ್ರೆ ರೇಡಿಯೋ ಬರಲ್ಲ. ‘ವೈರ್‌ಲೆಸ್ ಎಫ್‌ಎಂ’ ಇರೋದನ್ನೇ ತಗೊಳ್ಳಿ. ನಿಮ್ಮ ಕಾರ್ಡನ್ನು ಅಲ್ಲೇ ಹಾಕಿ ಹಾಡಿಸಿ ನೋಡಿ, ಬಿಲ್ ಮರೀಬೇಡಿ. ಮೆಟ್ರೋದಲ್ಲಿ ಬರೋರು ಚಿಕ್ಕಪೇಟೆಯಲ್ಲಿ ಇಳಿದು ನಡೆಯಬಹುದು. ಭಾನುವಾರ ಮಾತ್ರ ಬೇಡ, ಬಹುಪಾಲು ಅಂಗಡಿ ಬಾಗಿಲು ಹಾಕಿರುತ್ತೆ.